ಶುಕ್ರವಾರದ ಸಮೋಸ

ಖೀಮಾ ಸಮೋಸ ಕರಿಯುವ ವಾಸನೆ ಬಂದರೆ ಇಂದಿಗೂ ನನ್ನ ಮಂಡಿ ಉರಿಯುತ್ತದೆ.

ಉದಯಗಿರಿಯ ನಮ್ಮ ಮನೆಯಲ್ಲಿ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಂದು ಮಾಂಸ ನಿಷಿದ್ಧವಾಗಿತ್ತು. ಆ ವರ್ಷ ರಂಜಾನೂ ಅದೇ ದಿನಗಳಲ್ಲಿ ಬಂದಿತ್ತು. ಅಂಥ ಒಂದು ಶುಕ್ರವಾರ ಸಂಜೆ, ಉಪವಾಸ ಬಿಡುವ ಹೊತ್ತಿಗೆ, ಪಕ್ಕದ ಮನೆಯ ಶಾಹೀನಕ್ಕ ಕೊಟ್ಟ ಮಾಂಸದ ಸಮೋಸವನ್ನು ನಾನು ತಿಂದೆ. ಮರುದಿನ ಮಧ್ಯಾಹ್ನ ಪುಟ್ಟ ತಮ್ಮನಿಗೆ ಜ್ವರವೇರಿತು.

“ನೀನ್ ತಿಂದ್ಬುಟ್ಟೆ, ದೇವ್ರು ಮಗೀಗೆ ಹೊಡ್ದ ನೋಡು!” ಎಂದು ಅಜ್ಜಿ ನನ್ನನ್ನು ಶಿಲುಬೆಯೆದುರು ಮರಳಿನ ಮೇಲೆ ಮಂಡಿಯೂರಿಸಿದರು.

“ಆಸ್ಪತ್ರೆಗೆ ಹೋಗೋಣ ಅತ್ತೆ,” ಎಂದಳು ಅಮ್ಮ.

“ಮೊದ್ಲು ಇವ್ಳ ಪ್ರಾಯಶ್ಚಿತ್ತ ಮುಗೀಲಿ ಕಣಮ್ಮ.”

ನೆರೆಯವಳ ಪ್ರೀತಿಯನ್ನು ಪಾಪವೆಂದರು. ಕೆಂಡದಂತೆ ಸುಡುತ್ತಿದ್ದ ಮಗುವನ್ನು ಆಸ್ಪತ್ರೆಗೊಯ್ಯದೆ ಕಾಯಿಸುವುದನ್ನು ಭಕ್ತಿಯೆಂದರು. ನಾನು ಕ್ಷಮೆ ಕೇಳಲಿಲ್ಲ. ಶಿಲುಬೆಯತ್ತ ಬೆರಳು ತೋರಿಸಿ, “ತಿಂದೋಳು ನಾನು, ಅವ್ನನ್ನ ಬುಟ್ಬುಡು!” ಎಂದು ಗದರಿದೆ.

ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡರು. ಅಮ್ಮ ತಮ್ಮನನ್ನು ಸೊಂಟಕ್ಕೇರಿಸಿ, ನನ್ನ ರಟ್ಟೆ ಹಿಡಿದೆಬ್ಬಿಸಿ, ಚಪ್ಪಲಿಯನ್ನೂ ಮೆಟ್ಟದೆ ಆಸ್ಪತ್ರೆಯತ್ತ ನಡೆದಳು.