ಗೆಜ್ಜೆ ಕಟ್ಟಿದ ಸಿಂಬೆ

ಬಾಗಿಲಿಗೆ ಮೊಳೆ ಹೊಡೆದಾಗಿತ್ತು, ದಾರವೂ ಸಿದ್ಧವಾಗಿತ್ತು. ತೂಗಬೇಕಾದ ರೀತ್ ಮಾತ್ರ ಮನೆಯಲ್ಲಿ ಎಲ್ಲೂ ಇರಲಿಲ್ಲ.

"ಅಮ್ಮಾ, ನನ್ನ ರೀತ್ ಎಲ್ಲಿ?"

"ಯಾವ ರೀಟಾನೇ?" ಒಲೆಯ ಮುಂದೆ ಚಕ್ಕುಲಿ ಒತ್ತುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ.

"ರೀಟಾ ಅಲ್ಲಮ್ಮ, ರೀತ್! ದುಂಡಗೆ ಕೆಂಪು ಬಟ್ಟೆ ಸುತ್ತಿ, ಗೆಜ್ಜೆ ಕಟ್ಟಿದ್ನಲ್ಲ!"

"ಅದಾ? ಬೆಳಿಗ್ಗೆ ನಿಮ್ಮಜ್ಜಿ ತಲೆ ಮೇಲಿಟ್ಟು, ಅದರ ಮೇಲೆ ಸೊಪ್ಪಿನ ಬುಟ್ಟಿ ಹೊತ್ಕಂಡು ಹೋದ್ರು. ಮೊಮ್ಮಗಳು ಎಂಥ ಸಿಂಬೆ ಮಾಡ್ಯಾಳೆ ನೋಡು ಅಂತ ಓಣಿಗೆಲ್ಲ ತೋರಿಸ್ಕಂಡು ಹೋದ್ರು."

ಕಾವ್ಯಶ್ರೀಗೆ ಅಳುವೇ ಬಂತು. ಹೊನ್ನಾಳಿಯ ಚರ್ಚಿನ ಹುಡುಗಿಯರ ಕೂಟದಲ್ಲಿ ಸುನೀತಕ್ಕ ಫೋನ್ ನೋಡಿಕೊಂಡು ಎಲ್ಲರಿಗೂ ಈ ಕ್ರಿಸ್ಮಸ್ ಅಲಂಕಾರ ಮಾಡಲು ಕಲಿಸಿದ್ದಳು. ಭತ್ತದ ಹುಲ್ಲು ಹೊಸೆದು ಬಳೆಯಂತೆ ಬಾಗಿಸಬೇಕು, ಹಳೆ ಸೀರೆಯ ಅಂಚು ಸುತ್ತಬೇಕು, ಕೆಳಗೊಂದು ರಿಬ್ಬನ್ ಹೂವು. ಮಾಡಿದ್ದನ್ನು ಮನೆಯ ಹಿರಿಯರಿಗೆ ಕ್ರಿಸ್ಮಸ್ ಉಡುಗೊರೆಯಾಗಿ ಕೊಡಬೇಕು. ಅವರು ಅದನ್ನು ಬಾಗಿಲಿಗೆ ತೂಗಬೇಕು. ಗೆಜ್ಜೆ ಮಾತ್ರ ಕಾವ್ಯಶ್ರೀಯದೇ ಯೋಚನೆ, ಹರಿದ ಕಾಲ್ಗೆಜ್ಜೆಯಿಂದ ಬಿಚ್ಚಿದ್ದು. "ಕ್ಯಾರೋಲ್ ದಿನ ರೀತ್ ಕಂಡ ಬಾಗಿಲಲ್ಲಿ ನಿಲ್ತೀವಿ," ಎಂದಿದ್ದಳು ಸುನೀತಕ್ಕ. ಹೋದ ವರ್ಷ ಹೊಳೆ ಕಡೆಯ ಈ ಓಣಿಯ ಕತ್ತಲಲ್ಲಿ ಮನೆ ಗುರುತು ಸಿಗದೆ ಹಾಡುವವರು ಮುಂದೆ ಹೋಗಿಬಿಟ್ಟಿದ್ದರು. ಅವರಿಗೆಂದು ಕರಿದ ಚಕ್ಕುಲಿಯನ್ನು ಹೊಸ ವರ್ಷ ಬಂದರೂ ಮನೆಯವರೇ ಕಡಿಯುತ್ತಿದ್ದರು.

ಕ್ಯಾರೋಲ್ ಇದ್ದದ್ದು ಇವತ್ತೇ ಸಂಜೆ. ಅವಳು ಚಪ್ಪಲಿ ಮೆಟ್ಟಿ ಓಡಿದಳು.

ಅಜ್ಜಿ ಅಂಜಮ್ಮ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಸಿಕ್ಕಳು. ಬುಟ್ಟಿ ಒಂದು ಮನೆಯ ಜಗಲಿಯ ಮೇಲಿತ್ತು, ಸಿಂಬೆ ಇನ್ನೂ ತಲೆಯ ಮೇಲೇ ಇತ್ತು. ಮನೆಯಾಕೆ ಮೆಂತ್ಯದ ಕಟ್ಟನ್ನು ತಿರುವಿ ಮುರುವಿ ನೋಡುತ್ತಿದ್ದಳು.

"ಅಜ್ಜೀ, ಅದು ಸಿಂಬೆ ಅಲ್ಲ! ಬಾಗಿಲಿಗೆ ಕಟ್ಟೋದು!"

"ಬಾಗಿಲಿಗಾ? ಬಾಗಿಲು ಏನು ಹೊರ್ತೈತೆ?"

ಮನೆಯಾಕೆ ಕಿಸಕ್ಕನೆ ನಕ್ಕಳು. ಕಾವ್ಯಶ್ರೀ ನಗಲಿಲ್ಲ. ರೀತ್ ರೊಟ್ಟಿಯಂತೆ ಚಪ್ಪಟೆಯಾಗಿತ್ತು. ಸೊಪ್ಪಿನ ನೀರು ಕುಡಿದ ರಿಬ್ಬನ್ ಹೂವು ಅಜ್ಜಿಯ ಕಿವಿಯ ಹತ್ತಿರ ಜೋತುಬಿದ್ದಿತ್ತು.

"ರಾತ್ರಿ ನೀನೇ ಅಲ್ಲೇನೇ ಕೊಟ್ಟಿದ್ದು? ಅಜ್ಜೀ, ಇದು ನಿಂಗೆ ಅಂದೆ."

"ಅಂದೆ..."

"ಬಾಗಿಲಿಗೆ ಅಂದಿಲ್ಲ."

ಅಂದಿರಲಿಲ್ಲ. ನಿದ್ದೆಗಣ್ಣಿನಲ್ಲಿದ್ದ ಅಜ್ಜಿಯ ಕೈಗೆ ಇಟ್ಟು, ತಾನೂ ಹೋಗಿ ಮಲಗಿದ್ದಳು.

"ನೋಡು, ಬೆಳಿಗ್ಗೆಯಿಂದ ಹೊತ್ತೀನಿ, ಕುತ್ತಿಗೆ ಒಂಚೂರೂ ಹಿಡಿದಿಲ್ಲ," ಅಂಜಮ್ಮ ಕತ್ತನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ತೋರಿಸಿದಳು. "ಟವೆಲ್ ಸುತ್ತಿಟ್ರೆ ಬಿಚ್ಚಿಬಿಚ್ಚಿ ಬೀಳ್ತಿತ್ತು. ಇನ್ನು ಈ ಗೆಜ್ಜೆ ಇದೆಯಲ್ಲ, ಇದು ಬ್ಯಾರೆನೇ. ಕೂಗಾಕೇ ಹೋಗಿಲ್ಲ ಇವತ್ತು. ಸದ್ದು ಕೇಳಿ ಅವರೇ ಬಾಗಿಲು ತಗೀತಾರೆ."

ಕಿತ್ತುಕೊಳ್ಳಲು ಚಾಚಿದ್ದ ಕೈಯನ್ನು ಕಾವ್ಯಶ್ರೀ ಹಿಂದಕ್ಕೆ ತೆಗೆದುಕೊಂಡಳು. ಕೊಟ್ಟದ್ದನ್ನು ವಾಪಸ್ ಕೇಳುವುದು ಹೇಗೆ? ತಂದು ತೂಗಿದರೂ ಅದನ್ನು ರೀತ್ ಎಂದು ಯಾರು ನಂಬುತ್ತಾರೆ?

"ಇರಲಿ, ಇಟ್ಕೋ," ಎಂದಳು. "ಆದ್ರೆ ಕ್ಯಾರೋಲ್‌ನೋರು ರೀತ್ ಕಂಡಲ್ಲೇ ನಿಲ್ಲೋದು. ಅದಿಲ್ಲ ಅಂದ್ರೆ ನಮ್ಮ ಮನೆ ದಾಟಿ ಹೋಗ್ತಾರೆ. ಈ ಸಲಾನೂ."

"ಹಂಗಾ?" ಎಂದಳು ಅಂಜಮ್ಮ. "ಬಾ, ಬುಟ್ಟಿಗೊಂದು ಕೈ ಹಾಕು."

ಸಂಜೆ ಬರಿ ಮೊಳೆಯನ್ನು ನೋಡಲಾರದೆ ಕಾವ್ಯಶ್ರೀ ಬಾಗಿಲು ಮುಚ್ಚಿ ಒಳಗೆ ಕುಳಿತಳು. ಅಜ್ಜಿ ಮನೆಯಲ್ಲಿರಲಿಲ್ಲ. ಈಗ ಬಂದೆ ಅಂತ ಹೊರಟವಳು ಬಂದಿರಲಿಲ್ಲ. ದೊಡ್ಡ ರಸ್ತೆಯಲ್ಲಿ ಡೋಲು ಕೇಳಿಸಿತು, ಹಾಡು ಕೇಳಿಸಿತು. ಸದ್ದು ಓಣಿಯ ಬಾಯಿಗೆ ಬಂತು. ಅಲ್ಲೇ ಸ್ವಲ್ಪ ಹೊತ್ತು ತಡೆಯಿತು. ಆಮೇಲೆ ಮೆಲ್ಲಗೆ ಮುಂದಕ್ಕೆ ಹೋಗತೊಡಗಿತು.

ಅಮ್ಮ ಚಕ್ಕುಲಿ ಡಬ್ಬಿಯ ಮುಚ್ಚಳ ಒತ್ತಿದಳು.

ಹಾಡು ಇದ್ದಕ್ಕಿದ್ದಂತೆ ನಿಂತಿತು. ಅದರ ಬದಲು ಓಣಿಯೊಳಗೆ ಘಲ್, ಘಲ್ ಎಂದು ಬಂತು ಒಂದು ಸಣ್ಣ ಸದ್ದು. ಕಾವ್ಯಶ್ರೀ ಎದ್ದು ಬಾಗಿಲು ತೆಗೆದು ಹೊರಗೆ ಬಂದಳು.

ಮುಂದೆ ಅಜ್ಜಿ ಬರುತ್ತಿದ್ದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ, ಬರಿ ಸಿಂಬೆ. ರಿಬ್ಬನ್ನಿನ ಹೂವನ್ನು ಒಣಗಿಸಿ ನೆಟ್ಟಗೆ ಮಾಡಿದ್ದಳು. ಹಿಂದೆ ನಕ್ಷತ್ರದ ಕೋಲು ಹಿಡಿದ ಹುಡುಗಿಯರು, ಡೋಲಿನವರು, ನಗು ತಡೆಯಲಾಗದ ಸುನೀತಕ್ಕ.

"ಬಾಗಿಲು ಹುಡುಕ್ಕೊಂಡು ಮುಂದೆ ಹೋಗ್ತಿದ್ವಿ ಕಣೇ," ಎಂದಳು ಸುನೀತಕ್ಕ. "ನಿಮ್ಮಜ್ಜಿ ರಸ್ತೆಗೆ ಅಡ್ಡ ನಿಂತ್ರು. ರೀತ್ ಕಂಡಲ್ಲಿ ನಿಲ್ತೀರಂತೆ, ನಿಲ್ಲಿ ಅಂದ್ರು."

ಅಂಜಮ್ಮ ಮೆಟ್ಟಿಲು ಹತ್ತಿದಳು. ಬಾಗಿಲನ್ನು ಎಳೆದು ಮುಚ್ಚಿ, ಸರಿಯಾಗಿ ಆ ಬರಿ ಮೊಳೆಯ ಕೆಳಗೆ ಬೆನ್ನು ಆನಿಸಿ ನಿಂತು, ತಲೆ ನೆಟ್ಟಗೆ ಮಾಡಿದಳು.

"ಹೂಂ, ಈಗ ಬಾಗಿಲಿಗೇ ಐತಲ್ಲ. ಹಾಡ್ರಿ."