ಕೋರಸ್ಸಿನ ಮೂರನೆಯ ದನಿ

ಹಳೆಯ ಸಾಫ್ಟ್‌ವೇರ್ ತೆಗೆಸಿ ಹೊಸದನ್ನು ಹಾಕಿಸಿದ ಮೇಲೆ ವಾಮನಮೂರ್ತಿಗಳ ಸ್ಟುಡಿಯೋದಲ್ಲಿ, ಒಟ್ಟಾಗಿ ಹಾಡಿದ ಹಾಡಿನಿಂದಲೂ ಒಂದೊಂದೇ ದನಿಯನ್ನು ಬೇರ್ಪಡಿಸಿ ಕೇಳುವುದು ಸಾಧ್ಯವಾಯಿತು. ಸುದ್ದಿ ತಿಳಿದು ಒಬ್ಬರು ಹಳೆಯ ಕ್ಯಾಸೆಟ್ ಹಿಡಿದು ಬಂದರು. ತೀರಿಕೊಂಡ ಅವರ ಹೆಂಡತಿ ಬದುಕಿನಲ್ಲಿ ಒಮ್ಮೆ ಮಾತ್ರ ಹಾಡಿದ್ದರು. ಅದೂ ಈ ಕ್ಯಾಸೆಟ್ಟಿನ ಕೋರಸ್ಸಿನಲ್ಲಿ, ಒಂದೇ ಮೈಕಿನ ಮುಂದೆ, ನಾಲ್ವರಲ್ಲಿ ಒಬ್ಬರಾಗಿ.

"ಅವಳ ದನಿ ಒಂದನ್ನ ತೆಗೆದುಕೊಡಿ ಸ್ವಾಮಿ. ಬೇರೆಲ್ಲೂ ಇಲ್ಲ."

ಕಂಪ್ಯೂಟರ್ ಮೂರು ದನಿಗಳನ್ನಷ್ಟೇ ಹೆಕ್ಕಿತು. ಮೂರ್ತಿಗಳು ಒಂದೊಂದಾಗಿ ಕೇಳಿಸಿದರು. ಆತನ ಮುಖದಲ್ಲಿ ಯಾವ ಭಾವವೂ ಸುಳಿಯಲಿಲ್ಲ. ಮೂರನೆಯದು ಬಂದಾಗ ಆತ ಕೈ ಎತ್ತಿ, "ಇದೇ" ಎಂದರು.

 ಆ ದನಿ ಮೂರ್ತಿಗಳಿಗೆ ಚೆನ್ನಾಗಿ ಪರಿಚಿತ.

"ತಪ್ಪು ತಿಳೀಬೇಡಿ ಸಾರ್. ಈಕೆ ಬದುಕಿದ್ದಾರೆ, ನಿನ್ನೆ ಇಲ್ಲೇ ಹಾಡಿ ಹೋದ್ರು. ನಿಮ್ಮನೆಯವ್ರು ಮೈಕಿಂದ ದೂರ ನಿಂತಿದ್ರೇನೋ, ಅವರ ದನಿ ಸಿಗ್ತಿಲ್ಲ."

"ಗೊತ್ತು. ಎಲ್ಲಿ ಹೋದ್ರೂ ಹಿಂದೇನೇ ನಿಲ್ತಿದ್ಲು," ಎಂದು ಆತ ಏರಿಳಿತವಿಲ್ಲದೆ ಹೇಳಿದರು. "ಇದನ್ನೇ ಹಾಕಿಕೊಡಿ. ಹೆತ್ತ ದಿನವೇ ಹೋದ್ಲು. ಮಗಳು ಅಮ್ಮನ ದನಿ ಕೇಳೇ ಇಲ್ಲ."