ಹಾಳೆಗೆ ಬೀಳದ ಸೂಜಿ

ಶಾಲೆಯ ಪ್ರಯೋಗಕ್ಕೆಂದು ಅಮ್ಮನ ಸೂಜಿಯನ್ನು ಸೋಪಿನ ಚೂರಿಗೆ ಚುಚ್ಚಿ, ಟಾರ್ಚ್ ಹಚ್ಚಿ, ಮಸೂರದ ಆಚೆ ಬಿಳಿ ಹಾಳೆಯನ್ನು ಎಷ್ಟು ಸರಿಸಿದರೂ ಮಗಳಿಗೆ ಪ್ರತಿಬಿಂಬ ಸಿಗಲಿಲ್ಲ.

"ಸಾಕು, ನನ್ನ ಸೂಜಿ ಕೊಡೇ," ಎಂದು ಬಗ್ಗಿ ಹಾಳೆ ಸರಿಸಿದ ಅಮ್ಮ, ಮಸೂರದೊಳಗೆ ಕಣ್ಣು ಹೋಗಿ ಹಾಗೇ ನಿಂತುಬಿಟ್ಟಳು. ಸೂಜಿ ನೆಟ್ಟಗೆ, ಕಡ್ಡಿಯಷ್ಟು ದಪ್ಪಗೆ ಕಾಣುತ್ತಿತ್ತು. ಅದರ ಕಣ್ಣು ಬಾಗಿಲು ತೆರೆದಷ್ಟು ಅಗಲ. ಆರು ತಿಂಗಳಿಂದ ದಾರ ಪೋಣಿಸಲಾಗದೆ, ಯಾರಿಗೂ ಹೇಳದೆ, ಕೈಹೊಲಿಗೆಯನ್ನೆಲ್ಲ ವಾಪಸು ಕಳಿಸುತ್ತಿದ್ದ ದರ್ಜಿ ಅವಳು. ಈಗ ಒಂದೇ ಸಲಕ್ಕೆ ಪೋಣಿಸಿದಳು.

ಮಗಳು ತಲೆ ಚಚ್ಚಿಕೊಂಡಳು. "ಅಯ್ಯೋ, ಸೂಜಿ ತೀರಾ ಹತ್ತಿರ ಇಟ್ಬಿಟ್ಟಿದ್ದೆ! ಅದಕ್ಕೇ ಹಾಳೆ ಮೇಲೆ ಬೀಳ್ಲಿಲ್ಲ. ತಾಳಮ್ಮ, ದೂರ ಇಡ್ತೀನಿ."

"ಮುಟ್ಟೀಯ, ಜೋಕೆ!" ಅಮ್ಮ ಮಗಳ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನಿನ್ನ ತಪ್ಪು ನೂರು ವರ್ಷ ಬಾಳಲಿ, ತಾಯಿ. ದಾರ ಪೋಣಿಸೋಕೆ ಇನ್ನೂ ಏಳು ಸೂಜಿ ಇವೆ."